ಕುರ್ವೆಯಲ್ಲಿ ‘ಅದು’ ಎಂದರೆ

ದೆವ್ವ, ಭೂತ, ಗಾಳಿ, ಸೋಂಕು ಇವು ಯಾವುದರಲ್ಲೂ ನನಗೆ ನಂಬಿಕೆ ಇರಲಿಲ್ಲ. ಈಗಲೂ ಇಲ್ಲವೆಂದೇ ಹೇಳುತ್ತೇನೆ. ಮೊದಲೇ ಇದನ್ನು ಹೇಳಿಬಿಡುವುದಕ್ಕೆ ಕಾರಣವಿದೆ. ಇಂಥ ಸಂಗತಿ ಬಾಯಿಬಿಟ್ಟವರನ್ನು ಜನ ಪಾಪ ಎಂದು ನೋಡುತ್ತಾರೆ, ಇಲ್ಲವೇ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಾರೆ. ನನಗೆ ಎರಡೂ ಬೇಡ. ನಂಬಿ ಎಂದು ನಾನು ಯಾರಿಗೂ ಕೈಮುಗಿಯುವವಳಲ್ಲ. ನಡೆದದ್ದು ಹೀಗೆ, ನಾನು ಕಂಡದ್ದು ಇಷ್ಟು. ತಿಳಿದವರು ಬಿಡಿಸಿ ಹೇಳಿದರೆ ಕೇಳಿಸಿಕೊಳ್ಳುತ್ತೇನೆ. ಆದರೆ ನನ್ನ ಮೊಣಕೈಯ ವಿಷಯವನ್ನೂ ಸೇರಿಸಿ ಬಿಡಿಸಬೇಕು. ಅದೇನೆಂದು ಮುಂದೆ ಹೇಳುತ್ತೇನೆ.

ನಾನು ಕಲಘಟಗಿ ಕಡೆಯವಳು. ಚಿಕ್ಕವಳಿದ್ದಾಗ ನಮ್ಮ ಓಣಿಯಲ್ಲಿ ಒಬ್ಬಳಿಗೆ ಮೈಮೇಲೆ ದೇವರು ಬರುತ್ತಿತ್ತು. ಊರೆಲ್ಲ ಅಡ್ಡಬಿದ್ದು ಮಳೆ ಕೇಳುವಾಗ ನಾನು ಮುಂದೆ ಹೋಗಿ ಹದಿನೇಳರ ಮಗ್ಗಿ ಹೇಳು ಎಂದು ಕೇಳಿದ್ದೆ. ಅವ್ವ ಕಿವಿ ಹಿಂಡಿ ಮನೆಗೆ ಎಳೆದುಕೊಂಡು ಹೋದಳು. ದೇವರಿಗೆ ಎಲ್ಲ ಗೊತ್ತಿದ್ದರೆ ಮಗ್ಗಿಯೂ ಗೊತ್ತಿರಬೇಕಲ್ಲ ಎಂದು ಆಗಲೂ ವಾದಿಸಿದ್ದೆ. ನನ್ನ ಬಾಯಿ ಇಂದಿಗೂ ಅದೇ ಬಾಯಿ. ಅದರಿಂದಲೇ ಯಲ್ಲಾಪುರ ತಾಲ್ಲೂಕಿನಲ್ಲಿ ಯಾರೂ ಒಪ್ಪದ ಶಾಲೆಗೆ ನನ್ನನ್ನು ಹಾಕಿದರು ಎಂದು ನನ್ನ ಜೊತೆಯವರು ಹೇಳುತ್ತಾರೆ. ಇರಬಹುದು.

ಆ ಶಾಲೆ ಇರುವುದು ಬೇಡ್ತಿ ಹೊಳೆಯ ನಡುವೆ. ಮಾಗೋಡಿನಲ್ಲಿ ಕೆಳಗೆ ಧುಮುಕುವುದಕ್ಕೆ ಬಹಳ ಮುಂಚೆ ಒಂದು ಕಡೆ ಹೊಳೆ ಎರಡಾಗಿ ಸೀಳಿಕೊಂಡು, ನಡುವೆ ಒಂದು ತುಂಡು ನೆಲ ಬಿಟ್ಟು, ಮತ್ತೆ ಒಂದಾಗುತ್ತದೆ. ಅಂಥ ನೆಲಕ್ಕೆ ಇಲ್ಲಿ ಕುರ್ವೆ ಎನ್ನುತ್ತಾರೆ. ಅಲ್ಲಿ ಹತ್ತು ಹನ್ನೆರಡು ಮನೆ, ಗದ್ದೆ, ಒಂದು ಕಲ್ಲುಗುಡಿ, ಒಂದೇ ಕೋಣೆಯ ಶಾಲೆ. ಸುತ್ತ ಎರಡೂ ದಡದಲ್ಲಿ ಸಂರಕ್ಷಿತ ಕಾಡು. ಹಾಗೆಂದು ಘೋಷಣೆಯಾದ ಮೇಲೆ ಸೇತುವೆ ಕಟ್ಟುವ ಹಾಗಿಲ್ಲ, ರಸ್ತೆ ಮಾಡುವ ಹಾಗಿಲ್ಲ, ಅಪ್ಪಣೆಯಿಲ್ಲದೆ ಹೊಳೆಗೆ ದೋಣಿ ಇಳಿಸುವ ಹಾಗಿಲ್ಲ. ಮೊಬೈಲು ಮಾತಾಡಬೇಕಾದರೆ ಆಚೆ ದಡದ ಗುಡ್ಡ ಹತ್ತಬೇಕು.

ಕುರ್ವೆಯವರಿಗೆ ಇದರಿಂದ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಕಾಡು ಕಾಯುವುದನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಗುಡಿಯ ಎದುರಿನ ಮಡುವಿನಲ್ಲಿ ತೊಡೆಗಾತ್ರದ ಮೀನುಗಳಿವೆ, ಅವಕ್ಕೆ ಗಾಳ ಹಾಕಿದವರನ್ನು ನಾನು ಕಂಡಿಲ್ಲ. ಶಾಲೆಯ ಹಿಂದಿನ ದೊಡ್ಡ ಮರದ ಪೊಟರೆಯಲ್ಲಿ ಮಂಗಟ್ಟೆ ಹಕ್ಕಿ ಪ್ರತಿವರ್ಷ ಗೂಡು ಮಾಡುತ್ತದೆ. ಹೆಣ್ಣು ಒಳಗೆ ಸೇರಿ ಪೊಟರೆಯ ಬಾಯಿ ಮುಚ್ಚಿಕೊಂಡ ದಿನದಿಂದ ಮರಿ ಹೊರಬರುವ ತನಕ ಶಾಲೆಯ ಗಂಟೆ ಬಾರಿಸುವಂತಿಲ್ಲ. ಇದು ಇಲಾಖೆಯ ಆದೇಶವಲ್ಲ, ಊರಿನ ಪದ್ಧತಿ. ಆ ತಿಂಗಳುಗಳಲ್ಲಿ ನಾನು ಅಂಗಳದಲ್ಲಿ ನಿಂತು ಒಂದು ಕೂ ಹಾಕುತ್ತೇನೆ, ಮಕ್ಕಳು ಮನೆ ಮನೆಯಿಂದ ಕೂ ಎನ್ನುತ್ತ ಬರುತ್ತಾರೆ. ಮಳೆಗಾಲ ಮುಗಿದ ಕೂಡಲೇ ಮನೆಗೊಬ್ಬರಂತೆ ಸೇರಿ ಬಿದಿರು, ಮರದ ದಿಮ್ಮಿ ತಂದು ರಸ್ತೆಯ ಕಡೆಯ ಕವಲಿಗೆ ಸಂಕ, ಅಂದರೆ ನಡೆದು ದಾಟುವ ಕಾಲುಸೇತುವೆ, ಕಟ್ಟುತ್ತಾರೆ. ಆ ದಿನ ಕುರ್ವೆಯಲ್ಲಿ ಯಾರ ಮನೆಯಲ್ಲೂ ಒಲೆ ಹಚ್ಚುವುದಿಲ್ಲ, ಹೊಳೆದಂಡೆಯಲ್ಲೇ ಎಲ್ಲರಿಗೂ ಅಡುಗೆ. ಮೊದಲ ವರ್ಷ ಆ ಸಂಕದ ಮೇಲೆ ನಾನು ಕುಂಡಿ ಊರಿಕೊಂಡು ದಾಟಿದೆ. ಈಗ ತಲೆಯ ಮೇಲೆ ಅಕ್ಕಿಚೀಲ ಹೊತ್ತು ದಾಟುತ್ತೇನೆ.

ಇನ್ನು ‘ಅದು’ ಎಂಬ ಮಾತಿನ ವಿಷಯ. ಇದು ತಿಳಿಯದಿದ್ದರೆ ನನ್ನ ಕಥೆ ತಿಳಿಯುವುದಿಲ್ಲ.

ಕುರ್ವೆಯವರ ಮನೆಮಾತಿನಲ್ಲಿ ಹೆಂಗಸರಿಗೆ ‘ಅವಳು’ ಎನ್ನುವುದಿಲ್ಲ, ‘ಅದು’ ಎನ್ನುತ್ತಾರೆ. ಅಮ್ಮ ಬಂತು, ಅಕ್ಕ ಹೋತು, ಹೆಂಡತಿ ಮಲಗಿದ್ದು. ಹೋಜು ಎಂದರೆ ಹೋಗಿದೆ, ಬತ್ತು ಎಂದರೆ ಬರುತ್ತದೆ, ಇದ್ದು ಎಂದರೆ ಇದೆ. ಅಗೌರವವೇನಿಲ್ಲ, ಅವರ ಮಾತಿರುವುದೇ ಹಾಗೆ. ನನಗೆ ಇದು ಗೊತ್ತಿರಲಿಲ್ಲ. ಮೊದಲ ದಿನ ಉಳಿಯಲು ಕೋಣೆ ಕೇಳಿಕೊಂಡು ನಾರಾಯಣ ಎಂಬವರ ಮನೆಗೆ ಹೋದೆ. ಆತ ಜಗಲಿಯಲ್ಲಿ ಕುಳಿತು ಹಗ್ಗ ಹೊಸೆಯುತ್ತಿದ್ದರು. ಕೂತ್ಕಳಿ ಅಕ್ಕೋರೆ, ಅದು ಹೊಳಿಗೆ ಹೋಜು, ಈಗ ಬತ್ತು ಎಂದರು. ಎಮ್ಮೆಯ ಮಾತಿರಬೇಕೆಂದು ನಾನೂ ಸೌಜನ್ಯಕ್ಕೆ, ಅದು ಹೊತ್ತಿಗೆ ಎಷ್ಟು ಹಾಲು ಕೊಡತೈತ್ರಿ ಎಂದು ಕೇಳಿದೆ. ಆತನ ಕೈಯಿಂದ ಹಗ್ಗ ಜಾರಿತು. ಅಷ್ಟರಲ್ಲಿ ಕೊಡ ಹೊತ್ತು ಮೆಟ್ಟಿಲು ಹತ್ತಿ ಬಂದವರು ಅವರ ಹೆಂಡತಿ ಸಾವಿತ್ರಿ. ಒಳಗಿನಿಂದ ನಾರಾಯಣರ ತಾಯಿ ಗೌರತ್ತೆ ನಕ್ಕ ನಗೆ ಆಚೆ ದಡಕ್ಕೆ ಕೇಳಿಸಿರಬೇಕು. ಇಂದಿಗೂ ಕುರ್ವೆಯ ಯಾವ ಮದುವೆಯಲ್ಲಿ ಕಂಡರೂ ಅಕ್ಕೋರಿಗೆ ಹಾಲು ಬೇಕನ ಕೇಳಿ ಎಂದು ಕಿಚಾಯಿಸುತ್ತಾರೆ. ಇಲ್ಲಿ ಶಾಲೆ ಕಲಿಸುವ ಹೆಂಗಸಿಗೆ ಅಕ್ಕೋರು ಎನ್ನುತ್ತಾರೆ.

ತರಗತಿಯಲ್ಲಿ ಮಾತ್ರ ನಾನು ಬಿಡುತ್ತಿರಲಿಲ್ಲ. ‘ನನ್ನ ಅಮ್ಮ ದೋಸೆ ಮಾಡಿತು’ ಎಂದು ಬರೆದರೆ ಕೆಂಪು ಪೆನ್ನಿನಿಂದ ‘ಮಾಡಿದಳು’ ಎಂದು ತಿದ್ದುತ್ತಿದ್ದೆ. ಸ್ತ್ರೀಲಿಂಗಕ್ಕೆ ಅವಳು, ನಪುಂಸಕಲಿಂಗಕ್ಕೆ ಅದು. ಅಮ್ಮ ಬೇರೆ, ಎಮ್ಮೆ ಬೇರೆ, ಎಂದು ಬೋರ್ಡಿನ ಮೇಲೆ ಎರಡು ಸಾಲು ಬರೆಯುತ್ತಿದ್ದೆ. ಮಕ್ಕಳು ಹೌದೆಂದು ತಲೆಯಾಡಿಸಿ ಮರುದಿನ ಮತ್ತೆ ಹಾಗೆಯೇ ಬರೆಯುತ್ತಿದ್ದವು.

ಈಗ ಆ ಬೆಳಗಿನ ಮಾತಿಗೆ ಬರುತ್ತೇನೆ. ಆರೇಳು ವರ್ಷವಾಯಿತು.

ಕುರ್ವೆಯನ್ನು ಖಾಲಿ ಮಾಡಿಸಿ ಜನರನ್ನು ರಸ್ತೆಬದಿಗೆ ತರಬೇಕೆಂಬ ಮಾತು ಆ ಹೊತ್ತಿಗೆ ಜೋರಾಗಿತ್ತು. ಒತ್ತಾಯವಿಲ್ಲ, ಒಪ್ಪಿದವರಿಗೆ ಮಾತ್ರ ಎನ್ನುತ್ತಿದ್ದರು. ಯಾರೂ ಒಪ್ಪಲಿಲ್ಲ. ಸಭೆ ಕರೆದರು, ಒಪ್ಪಲಿಲ್ಲ. ಆಗ ಶಾಲೆಯ ಮೇಲೆ ಕಣ್ಣು ಬಿತ್ತು. ಮಕ್ಕಳು ಕಡಿಮೆ, ಶಾಲೆ ನಡೆಯುವುದೇ ಇಲ್ಲವಂತೆ, ಟೀಚರು ವಾರದಲ್ಲಿ ಅರ್ಧಕ್ಕರ್ಧ ದಿನ ಬರುವುದೇ ಇಲ್ಲವಂತೆ ಎಂದು ಯಾರೋ ಅರ್ಜಿ ಕೊಟ್ಟರು. ಶಾಲೆ ಮುಚ್ಚಿದರೆ ಉಳಿದದ್ದು ತಾನಾಗಿ ಆಗುತ್ತದೆ. ಐದಾರು ವರ್ಷದ ಮಗುವನ್ನು ದಿನಾ ಹೊಳೆ ದಾಟಿಸಿ ಕಾಡಿನಲ್ಲಿ ನಡೆಸಲು ಯಾವ ತಾಯಿಗೆ ಧೈರ್ಯವಿದೆ? ಮೊದಲು ಮಕ್ಕಳಿರುವ ಮನೆ ಹೋಗುತ್ತದೆ, ಆಮೇಲೆ ಸಂಕ ಕಟ್ಟಲು ಕೈ ಸಾಲುವುದಿಲ್ಲ, ಆಮೇಲೆ ಗುಡಿಯ ದೀಪ ಆರುತ್ತದೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಒಂದು ದಿನವೂ ಶಾಲೆ ಮುಚ್ಚದೆ ಹಲ್ಲು ಕಚ್ಚಿ ನಡೆಸುತ್ತಿದ್ದೆ.

ತನಿಖೆಗೆ ಸಾಹೇಬರೊಬ್ಬರು ಬರುವುದೆಂದು ನಿಶ್ಚಯವಾಯಿತು. ಬೆಳಿಗ್ಗೆ ಶಾಲೆ ಶುರುವಾಗುವ ಹೊತ್ತಿಗೆ ಸರಿಯಾಗಿ ಬರುತ್ತಾರೆ, ಶಾಲೆ ತೆರೆದಿದ್ದು ಪಾಠ ನಡೆಯುತ್ತಿದ್ದರೆ ಸರಿ, ಬಾಗಿಲು ಹಾಕಿದ್ದರೆ ಅದೇ ಕೊನೆಯ ತೀರ್ಮಾನ ಎಂದು ಬಾಯಿಮಾತಿನಲ್ಲಿ ತಿಳಿಸಿದರು. ಅದರ ಹಿಂದಿನ ದಿನವೇ ಯಲ್ಲಾಪುರದಲ್ಲಿ ಒಂದು ಮೀಟಿಂಗಿಗೆ ನನ್ನನ್ನು ಕರೆಸಿದರು. ಬೇಕೆಂದೇ ಕರೆಸಿದರೋ ಇಲ್ಲವೋ ಗೊತ್ತಿಲ್ಲ. ಮೀಟಿಂಗು ಎಳೆದಾಡಿ ಎಳೆದಾಡಿ ಸಂಜೆಯ ಬಸ್ಸು ತಪ್ಪಿತು. ಹೇಗೋ ಒಂದು ಜೀಪಿನಲ್ಲಿ ಆಚೆ ದಡದ ಹಳ್ಳಿಗೆ ಬಂದು ಪರಿಚಯದವರ ಮನೆಯಲ್ಲಿ ಉಳಿದೆ.

ಅದು ಡಿಸೆಂಬರು. ಇಲ್ಲಿ ಒಂದು ಹನಿ ಮಳೆಯಿಲ್ಲ. ಆದರೆ ಚಂಡಮಾರುತವೆಂದು ಎರಡು ದಿನದಿಂದ ಹುಬ್ಬಳ್ಳಿ, ಕಲಘಟಗಿ ಕಡೆ ಮಳೆ ಹೊಡೆದಿತ್ತು. ಬೇಡ್ತಿಗೆ ನೀರು ಬರುವುದು ಅಲ್ಲಿಂದಲೇ. ಬೆಳಿಗ್ಗೆ ಕಾಡುದಾರಿ ನಡೆದು ಹೊಳೆಗೆ ಇಳಿದಾಗ ಮಂಜು ಹೇಗೆ ಕವಿದಿತ್ತೆಂದರೆ ನಾಲ್ಕು ಮಾರು ಆಚೆಗೆ ಏನೂ ಕಾಣುತ್ತಿರಲಿಲ್ಲ. ನೀರಿನ ಸದ್ದು ಮಾತ್ರ ಡಿಸೆಂಬರಿನದಲ್ಲ, ಆಷಾಢದ್ದು. ಸಂಕಕ್ಕೆ ಕಾಲಿಡಬೇಕೆಂದು ತಡವಿದರೆ ಸಂಕವೇ ಇಲ್ಲ. ದಡಕ್ಕೆ ಹೂಳಿದ್ದ ಎರಡು ಗೂಟ ಉಳಿದಿದ್ದವು, ಬಳ್ಳಿಯ ತುಂಡೊಂದು ನೀರಿನಲ್ಲಿ ಹೊಯ್ದಾಡುತ್ತಿತ್ತು. ನನ್ನ ತವರಿನ ಮಳೆಯೇ ಬಂದು ನನ್ನ ಸಂಕ ಕೊಚ್ಚಿಕೊಂಡು ಹೋಗಿತ್ತು.

ನನಗೆ ಅಳು ಬರುವುದು ಕಡಿಮೆ. ಅವತ್ತು ಬಂತು. ದುಃಖಕ್ಕಿಂತ ಸಿಟ್ಟಿನ ಅಳು. ಗಟ್ಟಿಯಾಗಿ ಕೂ ಹಾಕಿದೆ. ನೀರಿನ ಅಬ್ಬರದಲ್ಲಿ ನನ್ನ ಕೂ ನನಗೇ ಕೇಳಿಸಲಿಲ್ಲ. ಸಾಹೇಬರ ಜೀಪು ಬರುವಷ್ಟರಲ್ಲಿ ನಾನು ಈ ದಡದಲ್ಲಿ, ಶಾಲೆ ಆ ದಡದಲ್ಲಿ ಬೀಗ ಹಾಕಿಕೊಂಡು, ಕೀಲಿ ನನ್ನ ಸೊಂಟದಲ್ಲಿ. ಇದಕ್ಕಿಂತ ಚೆಂದದ ಸಾಕ್ಷಿ ಅವರಿಗೆ ಬೇಕೇ? ಅಲ್ಲಿಯೇ ನಿಂತು ಹೊಳೆಗೆ, ಮಳೆಗೆ, ಮೀಟಿಂಗಿಗೆ, ಅರ್ಜಿ ಕೊಟ್ಟವರ ಏಳು ತಲೆಮಾರಿಗೆ ಬಾಯಿಗೆ ಬಂದದ್ದು ಬೈದೆ. ಬೈಯುವುದು ಮುಗಿದ ಮೇಲೆ ನೋಡುತ್ತೇನೆ, ಸ್ವಲ್ಪ ಕೆಳಗೆ ನೀರಿನಲ್ಲಿ ಯಾರೋ ನಿಂತಿದ್ದಾರೆ.

ಕಂಬಳಿಕೊಪ್ಪೆ ಹಾಕಿಕೊಂಡ ಹಾಗೆ ಕಂಡಿತು. ಕಂಬಳಿಯನ್ನು ಮಡಚಿ ತಲೆಯಿಂದ ಬೆನ್ನಿಗೆ ಇಳಿಬಿಟ್ಟರೆ ಮನುಷ್ಯರು ಗಂಡೋ ಹೆಣ್ಣೋ ತಿಳಿಯುವುದಿಲ್ಲ, ಹಿಂದಿನಿಂದ ಒಂದು ಕಪ್ಪು ಗುಪ್ಪೆ ಅಷ್ಟೇ. ಸಾವಿತ್ರಿ ನನ್ನನ್ನು ಕರೆದೊಯ್ಯಲು ಬಂದಿದ್ದಾರೆ ಎಂದುಕೊಂಡೆ. ಬೇರೆ ಏನನ್ನೂ ಯೋಚಿಸಲಿಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಹೆದರಿಕೆ ಆಗಿದ್ದರೆ ಹೆದರಿಕೆಯಿಂದ ಏನೋ ಕಂಡಿತು ಎನ್ನಬಹುದಿತ್ತು. ನನಗೆ ಆದದ್ದು ಖುಷಿ. ಸಾವಿತ್ರೀ ಎಂದು ಕರೆದೆ. ಆಕೃತಿ ತಿರುಗದೆ ಮುಂದೆ ಹೆಜ್ಜೆ ಹಾಕಿತು. ನಾನು ಸೀರೆ ಎತ್ತಿ ಕಟ್ಟಿ, ಚಪ್ಪಲಿ ಚೀಲಕ್ಕೆ ಹಾಕಿ, ಹಿಂದೆ ಇಳಿದೆ.

ನೀರು ಕೊರೆಯುತ್ತಿತ್ತು. ಆದರೆ ಕಾಲಡಿ ಕಲ್ಲು ಸಿಕ್ಕಿತು, ಅಗಲವಾದ, ನುಣುಪಾದ ಹಾಸುಗಲ್ಲು. ಮುಂದಿನವರು ಎಲ್ಲಿ ತಿರುಗಿದರೋ ನಾನೂ ಅಲ್ಲಿ ತಿರುಗಿದೆ, ನಿಂತಲ್ಲಿ ನಿಂತೆ. ನಾನು ಹಿಂದೆ ಬಿದ್ದರೆ ಕಾಯುತ್ತಿತ್ತು. ಎರಡೂ ಬದಿಗೆ ನೀರು ಮೊರೆಯುತ್ತಿದ್ದುದು ಕೇಳುತ್ತಿತ್ತು, ನನ್ನ ಮೊಣಕಾಲಿನ ಮೇಲೆ ಮಾತ್ರ ಒಮ್ಮೆಯೂ ಏರಲಿಲ್ಲ. ಹಸಿ ಕಂಬಳಿಯ ವಾಸನೆ ಬರುತ್ತಿತ್ತು, ಎಮ್ಮೆ ನೆನೆದಾಗ ಬರುತ್ತದಲ್ಲ, ಹೆಚ್ಚುಕಡಿಮೆ ಆ ವಾಸನೆ. ನಡುಹೊಳೆಯಲ್ಲಿ ಪಾಚಿಗೆ ಕಾಲು ಜಾರಿತು. ಬಿದ್ದೇ ಹೋದೆ ಎನ್ನುವಷ್ಟರಲ್ಲಿ ನನ್ನ ಎಡಮೊಣಕೈಯನ್ನು ಯಾರೋ ಹಿಡಿದರು. ಗಟ್ಟಿಯಾಗಿ, ಬೆರಳು ಬೆರಳಾಗಿ ಹಿಡಿದರು. ನಾನು ನೆಟ್ಟಗೆ ನಿಂತ ಮೇಲೆ ಬಿಟ್ಟರು. ಮತ್ತೆ ಎರಡು ಮಾರು ಮುಂದೆ ಅದೇ ಕಪ್ಪು ಬೆನ್ನು.

ಕುರ್ವೆಯ ದಡ ಹತ್ತಿ ಸೀರೆ ಹಿಂಡಲು ಬಗ್ಗಿದೆ. ನಿಮ್ಮ ಉಪಕಾರ ಮರೆಯೋದಿಲ್ರಿ ಎಂದು ಏನೋ ಹೇಳುತ್ತ ತಲೆಯೆತ್ತಿದರೆ ಮಂಜು ಬಿಟ್ಟು ಏನೂ ಇಲ್ಲ. ಮುಂದೆ ಹೋಗಿರಬೇಕೆಂದುಕೊಂಡೆ. ಹೊತ್ತಾಗಿತ್ತು, ನಿಂತು ಹುಡುಕುವ ವ್ಯವಧಾನ ನನಗಿರಲಿಲ್ಲ.

ದಾರಿಯಲ್ಲೇ ಗೌರತ್ತೆಯ ಮನೆ. ಅವರು ಅಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತ ಕುಳಿತಿದ್ದರು. ಸಂಕ ಹೋದದ್ದು ಎಲ್ಲರಿಗೂ ಗೊತ್ತಾಗಿತ್ತು, ನಾನು ಬರುವುದಿಲ್ಲವೆಂದು ಊರೇ ಕೈಚೆಲ್ಲಿ ಕುಳಿತಿತ್ತು. ಸಾವಿತ್ರಿಗೆ ಒಂದು ಲೋಟ ಬಿಸಿ ಕಾಫಿ ಕೊಡ್ರಿ, ಪಾಪ, ಈ ಚಳಿಯಲ್ಲಿ ಹೊಳೆಗಿಳಿದು ನನ್ನನ್ನು ದಾಟಿಸಿದ್ದಾಳೆ ಎಂದೆ.

“ಸಾವಿತ್ರಿಗೆ ಜ್ವರ, ಅಕ್ಕೋರೆ. ಅದು ನಿನ್ನೆಯಿಂದ ಹಾಸಿಗೆ ಬಿಟ್ಟು ಎದ್ದಿದ್ದಿಲ್ಲೆ” ಎಂದರು ಗೌರತ್ತೆ.

ಬಾಗಿಲಿನಿಂದ ಇಣುಕಿದೆ. ಸಾವಿತ್ರಿ ಗೋಡೆಯ ಕಡೆ ಮುಖ ಮಾಡಿ ಹೊದ್ದು ಮಲಗಿದ್ದರು. ಪಕ್ಕದಲ್ಲಿ ಕಷಾಯದ ಲೋಟ. ಕುರ್ವೆಯ ಯಾವ ಹೆಂಗಸೂ ಆ ಬೆಳಿಗ್ಗೆ ಹೊಳೆಗೆ ಹೋಗಿರಲಿಲ್ಲ, ಗಂಡಸರೂ ಹೋಗಿರಲಿಲ್ಲ. ಹಾಗಾದರೆ ಕಂಬಳಿಕೊಪ್ಪೆ ಹಾಕಿಕೊಂಡು ಬಂದವರು ಯಾರು ಎಂದು ಕೇಳಿದೆ. ಗೌರತ್ತೆ ನನ್ನ ಸೀರೆಯನ್ನು ನೋಡಿದರು. ಅದು ಮೊಣಕಾಲಿನ ತನಕ ಮಾತ್ರ ಒದ್ದೆಯಾಗಿತ್ತು. ಎದ್ದು ಬಂದು ನನ್ನ ಸೆರಗನ್ನು ಮೂಗಿಗೆ ಹಿಡಿದರು. ಅವರ ಮುಖದಲ್ಲಿ ಹೆದರಿಕೆ ಇರಲಿಲ್ಲ, ಬಹಳ ದಿನದ ಮೇಲೆ ನೆಂಟರ ಸುದ್ದಿ ಸಿಕ್ಕಿದ ಹಾಗಿತ್ತು.

“ಹಂಗಾರೆ ಅದು ಇನ್ನೂ ಇದ್ದು” ಎಂದರು.

ಆಗ ಅದೆಲ್ಲ ಕೇಳುವ ಹೊತ್ತಲ್ಲ. ಓಡಿದೆ. ಬೀಗ ತೆಗೆದು, ಒದ್ದೆ ಸೀರೆಯಲ್ಲೇ ಗಂಟೆ ಬಾರಿಸಿದೆ. ಮಂಗಟ್ಟೆ ಇನ್ನೂ ಗೂಡಿಗೆ ಸೇರಿರಲಿಲ್ಲ, ಅದು ನನ್ನ ಪುಣ್ಯ. ತೋಳು ಸೋಲುವ ತನಕ ಬಾರಿಸಿದೆ. ಮಕ್ಕಳು ಅರ್ಧ ತಿಂದ ಕೈ ತೊಳೆಯದೆ ಓಡಿ ಬಂದವು. ಮಗ್ಗಿ ಹೇಳಿಸಿದೆ, ಗಂಟಲು ಹರಿಯುವ ಹಾಗೆ ಹೇಳಿ ಎಂದೆ. ಹೊಳೆಯ ಸದ್ದನ್ನು ಮೀರಿಸಿ ಮಗ್ಗಿ ಆಚೆ ದಡಕ್ಕೆ ಮುಟ್ಟಬೇಕಿತ್ತು.

ಮುಟ್ಟಿತು. ಮಂಜು ಸ್ವಲ್ಪ ಹರಿದು ನೀರಿನ ಅಬ್ಬರವೂ ತಗ್ಗಿದಾಗ ಆ ದಡದಲ್ಲಿ ಜೀಪು, ಸಾಹೇಬರು, ಒಬ್ಬ ಗಾರ್ಡು ಕಂಡರು. ನಾನು ಮಕ್ಕಳನ್ನು ಸಾಲಾಗಿ ಕರೆದುಕೊಂಡು ಹೋಗಿ ಈ ದಡದಲ್ಲಿ ನಿಲ್ಲಿಸಿದೆ. ಸಾಹೇಬರು ಗೂಟ ನೋಡಿದರು, ನೀರು ನೋಡಿದರು, ನನ್ನನ್ನು ನೋಡಿದರು. ಹಿಂದಿನ ಸಂಜೆ ಯಲ್ಲಾಪುರದ ಮೀಟಿಂಗಿನಲ್ಲಿ ಅವರ ಎದುರಿಗೇ ಕುಳಿತಿದ್ದವಳು ನಾನು. ಸಂಕ ಹೋದದ್ದು ಮಧ್ಯರಾತ್ರಿಗೂ ಮೊದಲೇ ಎಂದು ನಾರಾಯಣರು ಈ ದಡದಿಂದ ಕೂಗಿ ಹೇಳಿದ್ದರು. ಕೈ ಬಾಯಿಗೆ ಅಡ್ಡ ಹಿಡಿದು ಸಾಹೇಬರು ಕೂಗಿದರು, ನೀವು ಹೇಗೆ ದಾಟಿದಿರಿ ಎಂದು.

“ನಡಕೊಂತ ಬಂದೀನ್ರಿ ಸರ್. ಬರ್ರಿ, ನೀವೂ ಬರ್ರಿ.”

ನಾನು ಇಳಿದ ಜಾಗವನ್ನು ಕೈಮಾಡಿ ತೋರಿಸಿದೆ. ಗಾರ್ಡು ಒಂದು ಉದ್ದನೆಯ ಬಿದಿರು ಗಳ ತಂದು ಅಲ್ಲಿ ನೀರಿಗೆ ಇಳಿಸಿದ. ಗಳ ಮುಳುಗುತ್ತ ಹೋಯಿತು, ತಳ ಸಿಗಲಿಲ್ಲ. ಎರಡು ಹೆಜ್ಜೆ ಮೇಲೆ ನೋಡಿದ, ಸಿಗಲಿಲ್ಲ. ಕೆಳಗೆ ನೋಡಿದ, ನೀರು ಗಳವನ್ನೇ ಕಿತ್ತುಕೊಂಡು ಹೋಯಿತು. ಅಲ್ಲಿಯ ತನಕ ಗೆದ್ದೆನೆಂಬ ಗತ್ತಿನಲ್ಲಿ ನಿಂತಿದ್ದ ನಾನು ಮಕ್ಕಳನ್ನು ನೀರಿನಿಂದ ಹಿಂದಕ್ಕೆ ಎಳೆದುಕೊಂಡೆ. ನಾನು ನಡೆದು ಬಂದ ಹಾಸುಗಲ್ಲು ಎಲ್ಲಿ ಹೋಯಿತು? ಆಮೇಲೆ ನೀರು ಏರಿರಬೇಕು ಎಂದು ಹೇಳುವವರಿದ್ದಾರೆ. ನಾನೂ ಹಾಗೆಯೇ ಅಂದುಕೊಂಡು ಸಮಾಧಾನ ಪಡಲು ನೋಡಿದೆ. ಆದರೆ ಗುಡಿಯ ಮೆಟ್ಟಿಲುಗಳ ಮೇಲೆ ನೀರಿನ ಗುರುತು ಎಲ್ಲರ ಕಣ್ಣೆದುರಿಗಿತ್ತು. ಬೆಳಕು ಹರಿದಾಗಿನಿಂದ ನೀರು ಇಳಿಯುತ್ತಲೇ ಇತ್ತು.

ಶಾಲೆ ನಡೆಯುತ್ತಿದೆ ಎನ್ನುವುದನ್ನು ಇಲ್ಲವೆನ್ನಲು ಅವರಿಗೆ ಬಾಯಿರಲಿಲ್ಲ. ಗಂಟೆ ಕೇಳಿದ್ದರು, ಮಗ್ಗಿ ಕೇಳಿದ್ದರು, ಮಕ್ಕಳನ್ನು ಕಂಡಿದ್ದರು. ಆದರೆ ಅಲ್ಲಿಗೆ ಬಿಡಲಿಲ್ಲ. ಕೆಲವು ದಿನ ಕಳೆದು ನನ್ನನ್ನು ಕಚೇರಿಗೆ ಕರೆಸಿದರು. ಹೇಗೆ ದಾಟಿದಿರಿ ಎಂಬ ಒಂದೇ ಪ್ರಶ್ನೆಯನ್ನು ತಿರುಗಿಸಿ ತಿರುಗಿಸಿ ಕೇಳಿದರು. ಅವರಿಗೆ ಬೇಕಾದ ಉತ್ತರ ಯಾವುದೆಂದು ನನಗೆ ತಿಳಿಯಲು ಹೊತ್ತು ಹಿಡಿಯಲಿಲ್ಲ. ಕುರ್ವೆಯವರು ಕದ್ದು ದೋಣಿ ಇಟ್ಟುಕೊಂಡಿದ್ದಾರೆ, ಅದರಲ್ಲಿ ಬಂದೆ ಎಂದು ನಾನು ಒಂದು ಮಾತು ಹೇಳಿದರೆ ಸಾಕಿತ್ತು. ಸಂರಕ್ಷಿತ ಹೊಳೆಯಲ್ಲಿ ಕಳ್ಳದೋಣಿ ಎಂದರೆ ಇಡೀ ಊರನ್ನು ಕಟಕಟೆಗೆ ನಿಲ್ಲಿಸಬಹುದು. ನಿಮಗೇನೂ ಆಗುವುದಿಲ್ಲ ಟೀಚರ್, ಬೇಕಾದ ಊರಿಗೆ ವರ್ಗ ಕೂಡ ಮಾಡಿಸೋಣ ಎಂದು ಮೆತ್ತಗೆ ಹೇಳಿದರು. ದೋಣಿ ಇರಲಿಲ್ಲ, ನಡೆದು ಬಂದೆ ಎಂದೆ. ನಡೆದು ಬರಲು ಸಾಧ್ಯವಿಲ್ಲ ಎಂದರು. ಸಾಧ್ಯವಿಲ್ಲದ್ದು ನನಗೂ ಗೊತ್ತು, ಆದರೂ ಬಂದೆ, ಒಬ್ಬರು ದಾಟಿಸಿದರು ಎಂದೆ. ಯಾರು ಎಂದರು. ಹೆಸರು ಗೊತ್ತಿಲ್ಲ ಎಂದೆ. ಗಂಡಸೋ ಹೆಂಗಸೋ ಎಂದರು. ಅದೂ ಗೊತ್ತಿಲ್ಲ ಎಂದೆ.

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಕನ್ನಡ ಕಲಿಸುವವರಿಗೆ ಲಿಂಗ ಗೊತ್ತಾಗುವುದಿಲ್ಲವೇ ಎಂದು ಒಬ್ಬರು ಹಾಸ್ಯ ಮಾಡಿದರು. ಹುಚ್ಚಿ ಎನಿಸಿಕೊಳ್ಳುವುದೋ, ಸುಳ್ಳಿ ಎನಿಸಿಕೊಳ್ಳುವುದೋ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗಿತ್ತು. ಸುಳ್ಳು ಹೇಳಿದರೆ ಊರು ಹೋಗುತ್ತದೆ. ನಿಜ ಹೇಳಿದರೆ ನನ್ನ ಮಾನ ಹೋಗುತ್ತದೆ. ಮಾನ ನನ್ನೊಬ್ಬಳದು, ಹೋದರೆ ಹೋಗಲಿ ಎಂದು ನಿಜವನ್ನೇ ಇನ್ನೊಮ್ಮೆ ನಿಧಾನವಾಗಿ, ಹಾಸುಗಲ್ಲು, ಕಂಬಳಿ, ವಾಸನೆ, ಮೊಣಕೈ ಎಲ್ಲ ಸೇರಿಸಿ ಹೇಳಿ ಎದ್ದು ಬಂದೆ. ಹೊಳೆಯಲ್ಲಿ ಹುಡುಕಿಸಿದರು, ಕಾಡಿನಲ್ಲಿ ಹುಡುಕಿಸಿದರು. ದೋಣಿ ಸಿಗಲಿಲ್ಲ. ಇಲ್ಲದ್ದು ಎಲ್ಲಿಂದ ಸಿಗಬೇಕು? ಕಡೆಗೆ ಆ ಕಡತ ಎಲ್ಲೋ ತಣ್ಣಗೆ ಕುಳಿತಿತು. ಯಲ್ಲಾಪುರದ ಕಚೇರಿಗಳಲ್ಲಿ ನನ್ನನ್ನು ಈಗಲೂ ದೆವ್ವದ ಟೀಚರು ಎನ್ನುತ್ತಾರೆಂದು ಕೇಳಿದ್ದೇನೆ. ಅನ್ನಲಿ. ಶಾಲೆ ನಡೆಯುತ್ತಿದೆ.

ನನ್ನ ಗಂಡ ಧಾರವಾಡದಲ್ಲಿ ಕಾಲೇಜಿನಲ್ಲಿ ಕಲಿಸುವವರು, ತಿಳಿದವರು. ಅದು ಎಮ್ಮೆಯೋ ಕಡವೆಯೋ ಇರಬೇಕು, ಪ್ರಾಣಿಗಳಿಗೆ ಹೊಳೆ ದಾಟುವ ಜಾಗ ಗೊತ್ತಿರುತ್ತದೆ, ಮಂಜಿನಲ್ಲಿ ಬೆನ್ನು ಮಾತ್ರ ಕಂಡು ಮನುಷ್ಯರೆಂದುಕೊಂಡು ನೀನು ಹಿಂದೆ ಹೋಗಿದ್ದೀ ಎಂದರು. ಒಳ್ಳೆಯ ವಿವರಣೆ. ಗಳ ಮುಳುಗಿದ್ದಕ್ಕೂ ಏನಾದರೊಂದು ಹೇಳಬಹುದು. ವಾಸನೆಗಂತೂ ಸರಿಹೋಗುತ್ತದೆ. ಆದರೆ ನನ್ನ ಮೊಣಕೈ ಹಿಡಿದದ್ದು ಯಾವ ಎಮ್ಮೆಯ ಕೈ ಎಂದು ಕೇಳಿದೆ. ಅವರು ಪೇಪರು ಬಿಡಿಸಿಕೊಂಡರು.

ಗೌರತ್ತೆಯನ್ನೂ ಬಿಡಲಿಲ್ಲ. ಆ ವರ್ಷ ಹೊಸ ಸಂಕ ಎರಡನೆಯ ಸಲ ಕಟ್ಟಿದ ದಿನ, ಹೊಳೆದಂಡೆಯಲ್ಲಿ ಎಲೆ ಹಾಕಿಕೊಂಡು ಊಟಕ್ಕೆ ಕುಳಿತಿದ್ದಾಗ ಅವರ ಪಕ್ಕದಲ್ಲೇ ಕುಳಿತೆ. ಅದು ಅಂದ್ರ ಯಾರು ಎಂದು ಕೇಳಿದೆ. ನಿಮ್ಮ ಮಾತಿನಲ್ಲಿ ಹೆಂಗಸೂ ಅದು, ಎಮ್ಮೆಯೂ ಅದು, ಗುಡಿಯ ದೇವಿಯೂ ಅದು, ಹೊಳೆಯೂ ಅದು. ಇದರಲ್ಲಿ ಯಾವುದು ಎಂದು ಬಿಡಿಸಿ ಹೇಳಿ ಎಂದೆ. ಹಿಂದೆ ಯಾರಾದರೂ ಹೊಳೆಯಲ್ಲಿ ಕೊಚ್ಚಿಹೋದ ಹೆಂಗಸೇ ಎಂದೂ ಕೇಳಿದೆ. ಅವರು ಅನ್ನ ಕಲಸುತ್ತಲೇ ಇದ್ದರು. ನನಗೆ ಹಟ ಬಂತು. ಒಂದು ಕಡೆ ಬೆರಳಿಡಿ, ಸಾಕು ಎಂದೆ.

“ಅದು ಅಂದ್ರೆ ಅದೇಯ. ನಿಂಗೊ ಎಂತಕ್ಕೆ ಅದ್ನ ಬೇರೆ ಬೇರೆ ಮಾಡ್ತ್ರಿ?” ಎಂದರು.

ಅಷ್ಟೇ. ಮತ್ತೆ ಎಷ್ಟು ಸಲ ಕೇಳಿದರೂ ಅಷ್ಟೇ. ಅವರು ಏನನ್ನಾದರೂ ಮುಚ್ಚಿಡುತ್ತಿದ್ದರು ಎಂದು ನನಗೆ ಅನ್ನಿಸಲಿಲ್ಲ. ಅವರ ಲೆಕ್ಕಕ್ಕೆ ಅವರು ಸರಿಯಾಗಿಯೇ ಉತ್ತರ ಕೊಟ್ಟಿದ್ದರು, ನನ್ನ ವ್ಯಾಕರಣಕ್ಕೆ ಅದು ಸಾಲಲಿಲ್ಲ. ಮುಂದಿನ ಬೇಸಿಗೆಯಲ್ಲಿ ಗೌರತ್ತೆ ತೀರಿಕೊಂಡರು. ಈಗ ಕೇಳಲು ಯಾರೂ ಇಲ್ಲ. ಸಾವಿತ್ರಿಯನ್ನು ಕೇಳಿದರೆ ನಗುತ್ತಾರೆ, ನಾರಾಯಣರು ಹೊಗೆಸೊಪ್ಪಿನ ಎಲೆ ಮಡಚುತ್ತಾರೆ. ಮಂಜು ಬಿದ್ದ ಬೆಳಿಗ್ಗೆಗಳಲ್ಲಿ ನಾನು ಎಷ್ಟೋ ಸಲ ಆ ಜಾಗದಲ್ಲಿ ನಿಂತು ನೋಡಿದ್ದೇನೆ. ಹೊಳೆ ಇಳಿದಾಗ ಒಳಗೆ ಇಳಿದೂ ನೋಡಿದ್ದೇನೆ. ಅಲ್ಲಿ ಹಾಸುಗಲ್ಲು ಇಲ್ಲ. ಮಡು ಇದೆ, ಮಡುವಿನಲ್ಲಿ ಆ ದೊಡ್ಡ ಮೀನುಗಳಿವೆ.

ಕುರ್ವೆ ಇದ್ದಲ್ಲೇ ಇದೆ. ಮನೆ ಒಂದೂ ಕಡಿಮೆಯಾಗಿಲ್ಲ. ಮಳೆಗಾಲ ಮುಗಿದ ಮೇಲೆ ಸಂಕ ಕಟ್ಟುತ್ತೇವೆ, ಮಂಗಟ್ಟೆ ಗೂಡಿಗೆ ಸೇರಿದರೆ ಗಂಟೆಗೆ ಬಟ್ಟೆ ಸುತ್ತುತ್ತೇವೆ. ಆಚೆ ದಡದ ಒಂದು ಮನೆಯ ಪುಟ್ಟ ಹುಡುಗಿಯೂ ಈಗ ನಮ್ಮ ಶಾಲೆಗೇ ಬರುತ್ತಾಳೆ. ಮಂಜಿದ್ದ ದಿನ ನಾನು ಗೌರತ್ತೆಯ ಹಳೆಯ ಕಂಬಳಿ ಕೊಪ್ಪೆ ಹಾಕಿಕೊಂಡು ಹೋಗಿ ಅವಳನ್ನು ಸಂಕ ದಾಟಿಸಿ ತರುತ್ತೇನೆ. ನಾನು ಮುಂದೆ, ಅವಳು ಹಿಂದೆ.

ಮೊನ್ನೆ ‘ನಮ್ಮ ಶಾಲೆ’ ಎಂದು ಐದು ವಾಕ್ಯ ಬರೆಯಲು ಕೊಟ್ಟಿದ್ದೆ. ಆ ಹುಡುಗಿ ಬರೆದಿದ್ದಳು: ‘ಮಂಜಿನಲ್ಲಿ ಅದು ಬರುತ್ತದೆ. ಅದು ನನ್ನನ್ನು ಹೊಳೆ ದಾಟಿಸುತ್ತದೆ.’ ಕೆಂಪು ಪೆನ್ನಿನ ಮುಚ್ಚಳ ತೆಗೆದೆ. ಅವಳು ಬರೆದದ್ದು ನನ್ನ ವಿಷಯವೋ ಬೇರೆಯವರ ವಿಷಯವೋ ಕೇಳಬಹುದಿತ್ತು. ಕೇಳಲಿಲ್ಲ. ತಿದ್ದಲೂ ಇಲ್ಲ. ಪೆನ್ನಿಗೆ ಮುಚ್ಚಳ ಹಾಕಿ, ಸರಿ ಇದೆ ಎಂದು ಪುಸ್ತಕ ತಿರುಗಿ ಕೊಟ್ಟೆ.